ಅಂತರಜಾಲ ಪುಟಗಳಲ್ಲಿ ಚಲಿಸುವ ಬರಹ, ಚಿತ್ರ ಹಾಗೂ ಕಾಲಸೂಚಕಗಳನ್ನು ನಿಲ್ಲಿಸುವ ಕುರಿತು ಅರ್ಜಿದಾರರಿಗೆ ಮಾಹಿತಿ

ಸರ್ಕಾರದ ಸೇವೆಗಳಿಗಾಗಿ ಅಂತರಜಾಲದ ಮುಖಾಂತರ ಅರ್ಜಿ ಸಲ್ಲಿಸುವ ನಾಗರಿಕರು ಪುಟದ ಮೇಲ್ಭಾಗದಲ್ಲಿ ಬಲದಿಂದ ಎಡಕ್ಕೆ ಓಡುವ ಬರಹ, ತಾನಾಗಿ ಬದಲಾಗುವ ಚಿತ್ರಪಟ್ಟಿ, ಮಿನುಗುವ ‘ಹೊಸದು’ ಎಂಬ ಗುರುತು, ತಿರುಗುವ ಚಕ್ರ ಹಾಗೂ ಸೆಕೆಂಡಿಗೊಮ್ಮೆ ಇಳಿಯುವ ಕಾಲಸೂಚಕಗಳನ್ನು ಕಾಣುವುದು ವಾಡಿಕೆ. ಇವುಗಳ ಪೈಕಿ ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ಮುಟ್ಟದೆ ಬಿಡಬೇಕು, ನಿಲ್ಲಿಸಿದಲ್ಲಿ ಭರ್ತಿ ಮಾಡಿದ ಅರ್ಜಿಗೆ ಬಾಧಕ ಉಂಟಾಗುವುದೇ ಎಂಬ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಅರ್ಜಿ ಭರ್ತಿ ಮಾಡಿಕೊಡುವ ಸೇವಾ ಕೇಂದ್ರಗಳವರಿಗೂ, ಪುಟಗಳನ್ನು ಸಿದ್ಧಪಡಿಸುವವರಿಗೂ ಅಗತ್ಯವಾದ ಕೆಲವು ಅಂಶಗಳನ್ನು ಕೊನೆಯ ಭಾಗದಲ್ಲಿ ಸೇರಿಸಲಾಗಿದೆ.

ಎಲ್ಲಕ್ಕಿಂತ ಮೊದಲು ಅರ್ಜಿದಾರರು ಒಂದು ಸಂಗತಿಯನ್ನು ಗಮನದಲ್ಲಿರಿಸಿಕೊಳ್ಳುವುದು ಅವಶ್ಯ. ಪರದೆಯ ಮೇಲಿನ ಚಲನೆ ಬೇರೆ, ಅರ್ಜಿಯ ಕಾಲಮಿತಿ ಬೇರೆ. ಚಲನೆಯು ಅರ್ಜಿದಾರರ ಗಣಕಯಂತ್ರದಲ್ಲಿ ಅಥವಾ ಮೊಬೈಲ್ ದೂರವಾಣಿಯಲ್ಲಿ ನಡೆಯುತ್ತದೆ. ಕಾಲಮಿತಿಯ ಲೆಕ್ಕವನ್ನು ಸಾಮಾನ್ಯವಾಗಿ ಸರ್ವರ್ ಇರಿಸಿಕೊಂಡಿರುತ್ತದೆ. ಆದುದರಿಂದ ಓಡುವ ಬರಹವನ್ನು ನಿಲ್ಲಿಸಿದರೆ ಅರ್ಜಿಗೆ ಯಾವ ತೊಂದರೆಯೂ ಆಗುವುದಿಲ್ಲ. ಹಾಗೆಯೇ ಇಳಿಯುತ್ತಿರುವ ಕಾಲಸೂಚಕವನ್ನು ಯಾವುದೋ ಉಪಾಯದಿಂದ ನಿಲ್ಲಿಸಿದ ಮಾತ್ರಕ್ಕೆ ಕಾಲವೂ ನಿಲ್ಲುವುದಿಲ್ಲ.

ಯಾರಿಗೆ ತೊಂದರೆ

ಓಡುವ ಬರಹವು ನೋಡುಗರ ಗಮನ ಸೆಳೆಯುತ್ತದೆ ಎಂಬ ಕಾರಣಕ್ಕೆ ಅರ್ಜಿಯ ಕೊನೆಯ ದಿನಾಂಕ, ಶುಲ್ಕದ ಬದಲಾವಣೆ ಮುಂತಾದ ಮಹತ್ವದ ವಿಷಯಗಳನ್ನೇ ಅದರಲ್ಲಿ ಹಾಕುವ ಪದ್ಧತಿ ಬೆಳೆದುಬಂದಿದೆ. ಗಮನ ಸೆಳೆಯುವುದೂ ಓದಿಸುವುದೂ ಒಂದೇ ಅಲ್ಲ. ಒತ್ತಕ್ಷರಗಳಿಂದ ಕೂಡಿದ ಕನ್ನಡದ ಸಾಲು ಓಡುತ್ತಿರುವಾಗ ಸಾಲಿನ ಕೆಳಗಿನ ಭಾಗವನ್ನು ಗುರುತಿಸಲು ಕಣ್ಣಿಗೆ ಹೆಚ್ಚು ಸಮಯ ಬೇಕು. ದಿನಾಂಕವು ಸಾಲಿನ ಕೊನೆಯಲ್ಲಿದ್ದರಂತೂ ಅದು ಬರುವವರೆಗೆ ಕಾಯಬೇಕು, ತಪ್ಪಿದರೆ ಇಡೀ ಸಾಲು ಮತ್ತೊಮ್ಮೆ ಸುತ್ತಿ ಬರಬೇಕು.

ಮಂಗಳೂರು ಮಹಾನಗರಪಾಲಿಕೆ ವ್ಯಾಪ್ತಿಯ ಶಕ್ತಿನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ವಿಶ್ವ ಕೊಂಕಣಿ ಕೇಂದ್ರ ಹಾಗೂ ಕಲಾಂಗಣ ಇರುವ ಈ ಪ್ರದೇಶದಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಕುಟುಂಬಗಳು ಬಹಳ. ಅವರಲ್ಲಿ ಅನೇಕರಿಗೆ ಕನ್ನಡವು ಶಾಲೆಯಲ್ಲಿ ಕಲಿತ ಭಾಷೆ, ಮನೆಯ ಮಾತಲ್ಲ. ನಿಂತ ಪುಟವನ್ನು ಸರಾಗವಾಗಿ ಓದಬಲ್ಲ ಹಿರಿಯರೂ ಕಚೇರಿ ಭಾಷೆಯ ಉದ್ದನೆಯ ವಾಕ್ಯವು ಓಡತೊಡಗಿದಾಗ ಹಿಂದೆ ಬೀಳುವರು. ಇದೇ ಶಕ್ತಿನಗರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ‘ಸಾನಿಧ್ಯ’ ವಸತಿ ಶಾಲೆಯೂ ಇದೆ. ಅಂತಹ ಮಕ್ಕಳ ಪೋಷಕರು ಯು.ಡಿ.ಐ.ಡಿ. ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿ, ಮಾಸಾಶನ, ವಿದ್ಯಾರ್ಥಿವೇತನ ಮುಂತಾದವುಗಳಿಗೆ ಅಂತರಜಾಲದಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಮಗುವೂ ಬಹುತೇಕ ಪಕ್ಕದಲ್ಲಿಯೇ ಕುಳಿತಿರುತ್ತದೆ. ಬೌದ್ಧಿಕ ವಿಕಲತೆಯುಳ್ಳವರಲ್ಲಿ ಅಪಸ್ಮಾರದ ಪ್ರಮಾಣ ಇತರರಿಗಿಂತ ಹೆಚ್ಚು ಎಂಬುದು ವೈದ್ಯಕೀಯವಾಗಿ ತಿಳಿದ ವಿಷಯ. ಅಪಸ್ಮಾರವುಳ್ಳ ಕೆಲವರಲ್ಲಿ ವೇಗವಾಗಿ ಮಿನುಗುವ ಬೆಳಕು ಮೂರ್ಛೆಯನ್ನು ಪ್ರಚೋದಿಸಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೋಕೆಮಾನ್’ ಎಂಬ ವ್ಯಂಗ್ಯಚಿತ್ರ ಮಾಲಿಕೆಯ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಅತಿವೇಗವಾಗಿ ಮಿನುಗಿದುದರಿಂದ 600ಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಮಿನುಗುವಿಕೆಯು ಯಾವುದೇ ಒಂದು ಸೆಕೆಂಡಿನಲ್ಲಿ ಮೂರು ಬಾರಿಯನ್ನು ಮೀರಬಾರದೆಂಬುದು ಈಗ ಅಂತರಜಾಲ ಪುಟಗಳಿಗೆ ಅನ್ವಯಿಸುವ ಸಾಮಾನ್ಯ ಮಿತಿಯಾಗಿದೆ.

ದೃಷ್ಟಿ ವಿಕಲತೆಯುಳ್ಳವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಗೂ ಇದರಿಂದ ತೊಡಕುಂಟು. ಉಚಿತವಾಗಿ ದೊರೆಯುವ ಎನ್.ವಿ.ಡಿ.ಎ. ತಂತ್ರಾಂಶವು ಕನ್ನಡವನ್ನೂ ಓದಬಲ್ಲದು. ಆದರೆ ಚಿತ್ರಪಟ್ಟಿಯು ಅದು ಓದುತ್ತಿರುವಾಗಲೇ ಬದಲಾದಲ್ಲಿ ಓದುವಿಕೆ ಅರ್ಧಕ್ಕೆ ತುಂಡಾಗುವ ಸಂಭವವಿದೆ. ಪ್ರಕಟಣೆಯನ್ನು ಅಕ್ಷರಗಳ ಬದಲು ಚಲಿಸುವ ಚಿತ್ರವಾಗಿ ಹಾಕಿ, ಅದರೊಂದಿಗೆ ಪಠ್ಯ ವಿವರಣೆಯನ್ನು ಕೊಡದಿದ್ದಲ್ಲಿ ಓದಲು ಅದಕ್ಕೆ ಏನೂ ಸಿಗುವುದಿಲ್ಲ.

ಅರ್ಜಿದಾರರು ನಿಲ್ಲಿಸುವ ಕ್ರಮ

ಓಡುವ ಬರಹದ ಪಕ್ಕದಲ್ಲಿ ‘ನಿಲ್ಲಿಸಿ’ ಎಂಬ ಗುಂಡಿಯಾಗಲಿ, ಎರಡು ನೇರ ಗೆರೆಗಳ ಚಿಹ್ನೆಯಾಗಲಿ ಇದೆಯೇ ಎಂದು ಮೊದಲು ನೋಡತಕ್ಕದ್ದು. ಇದ್ದಲ್ಲಿ ಅದನ್ನು ಒತ್ತಿದರೆ ಸಾಕು. ಗುಂಡಿ ಇಲ್ಲದ ಹಲವು ಹಳೆಯ ಪುಟಗಳಲ್ಲಿ ಮೌಸ್‌ನ ಬಾಣವನ್ನು ಬರಹದ ಮೇಲೆ ಇರಿಸಿದರೆ ಬರಹ ನಿಲ್ಲುತ್ತದೆ, ತೆಗೆದರೆ ಮತ್ತೆ ಓಡುತ್ತದೆ. ಈ ವ್ಯವಸ್ಥೆಯು ಮೇಜಿನ ಮೇಲೆ ಗಣಕಯಂತ್ರ ಇರುವವರಿಗೆ ಮಾತ್ರ ಉಪಯುಕ್ತ. ಮೊಬೈಲ್ ದೂರವಾಣಿಯಲ್ಲಿ ಬಾಣವೇ ಇರುವುದಿಲ್ಲ. ಬೆರಳಿಟ್ಟರೆ ಕೊಂಡಿ ತೆರೆದು ಬೇರೆ ಪುಟಕ್ಕೆ ಹೋಗುವ ಸಾಧ್ಯತೆಯೇ ಹೆಚ್ಚು. ಕೀಲಿಮಣೆಯಿಂದಲೇ ಕೆಲಸ ಮಾಡುವವರಿಗೂ ಇದರಿಂದ ಪ್ರಯೋಜನವಿಲ್ಲ.

ಇಡೀ ಉಪಕರಣಕ್ಕೆ ಅನ್ವಯಿಸುವಂತೆ ಚಲನೆಯನ್ನು ಕಡಿಮೆ ಮಾಡುವ ಅವಕಾಶವೂ ಇದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಒಳಗೆ ಆಕ್ಸೆಸಿಬಿಲಿಟಿ, ಅದರೊಳಗೆ ವಿಶುವಲ್ ಎಫೆಕ್ಟ್ಸ್ ಎಂಬಲ್ಲಿ ‘ಅನಿಮೇಶನ್ ಎಫೆಕ್ಟ್ಸ್’ ಅನ್ನು ಆರಿಸಬೇಕು. ವಿಂಡೋಸ್ 10ರಲ್ಲಿ ಇದು ಈಸ್ ಆಫ್ ಆಕ್ಸೆಸ್‌ನ ಡಿಸ್‌ಪ್ಲೇ ಭಾಗದಲ್ಲಿರುತ್ತದೆ. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಆಕ್ಸೆಸಿಬಿಲಿಟಿಯ ಒಳಗೆ ‘ರಿಮೂವ್ ಅನಿಮೇಶನ್ಸ್’ ಎಂದೂ, ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿಯ ಮೋಶನ್ ಭಾಗದಲ್ಲಿ ‘ರಿಡ್ಯೂಸ್ ಮೋಶನ್’ ಎಂದೂ ಇರುತ್ತದೆ. ತಯಾರಕರಿಗೆ ಅನುಸಾರವಾಗಿ ಆಂಡ್ರಾಯ್ಡ್‌ನಲ್ಲಿ ಹೆಸರು ಸ್ವಲ್ಪ ವ್ಯತ್ಯಾಸವಾಗಬಹುದು. ಹೀಗೆ ಮಾಡಿದಾಗ ಬ್ರೌಸರ್ ‘ಈ ಬಳಕೆದಾರರಿಗೆ ಚಲನೆ ಬೇಡ’ ಎಂಬ ಸೂಚನೆಯನ್ನು ಪುಟಕ್ಕೆ ತಿಳಿಸುತ್ತದೆ. 2017ರಿಂದ 2020ರ ಅವಧಿಯಲ್ಲಿ ಪ್ರಮುಖ ಬ್ರೌಸರ್‌ಗಳೆಲ್ಲ ಈ ಸೌಲಭ್ಯವನ್ನು ಅಳವಡಿಸಿಕೊಂಡಿವೆ. ಆದರೆ ಸೂಚನೆಯನ್ನು ಪಾಲಿಸುವುದು ಪುಟದ ಕೆಲಸ. ಪುಟ ಸಿದ್ಧಪಡಿಸಿದವರು ಅದಕ್ಕೆ ಅವಕಾಶ ಕಲ್ಪಿಸದಿದ್ದಲ್ಲಿ ಸೂಚನೆಯು ಅರ್ಜಿಗೆ ಲಗತ್ತಿಸಿಯೂ ಯಾರೂ ಓದದ ಕಾಗದದಂತೆ ಉಳಿಯುವುದು.

ಕೇವಲ ಪ್ರಕಟಣೆಯನ್ನು ಓದಬೇಕಾದಲ್ಲಿ ಬ್ರೌಸರ್‌ನ ‘ರೀಡರ್’ ನೋಟವನ್ನು ಬಳಸಬಹುದು. ಅದರಲ್ಲಿ ಅಲಂಕಾರಗಳು ಬಿಟ್ಟುಹೋಗಿ ಪಠ್ಯ ಮಾತ್ರ ಉಳಿಯುತ್ತದೆ. ಅರ್ಜಿ ನಮೂನೆಯನ್ನು ಭರ್ತಿ ಮಾಡಲು ಈ ನೋಟ ಸೂಕ್ತವಲ್ಲ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಅನ್ನೇ ನಿಷ್ಕ್ರಿಯಗೊಳಿಸುವಂತೆ ಕೆಲವರು ಸಲಹೆ ನೀಡುವುದುಂಟು. ಇದರಿಂದ ಜಾವಾಸ್ಕ್ರಿಪ್ಟ್ ಮೂಲಕ ನಡೆಯುವ ಚಲನೆಯೇನೋ ನಿಲ್ಲುತ್ತದೆ, ಜೊತೆಗೆ ತಾಲ್ಲೂಕು ಮತ್ತು ಹೋಬಳಿಯ ಪಟ್ಟಿ, ದಾಖಲೆ ಸೇರಿಸುವ ಗುಂಡಿ, ಓ.ಟಿ.ಪಿ. ಪರಿಶೀಲನೆ ಇವೂ ನಿಲ್ಲುತ್ತವೆ. ಅರ್ಜಿದಾರರು ಹಾಗೆ ಮಾಡದಿರುವುದು ಒಳಿತು. ಎಸ್ಕೇಪ್ ಕೀಲಿಯನ್ನು ಒತ್ತಿದರೆ ಚಲಿಸುವ ಚಿತ್ರ ನಿಲ್ಲುತ್ತಿದ್ದುದು ಹಿಂದಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದ ಮಾತು.

ಶುಲ್ಕ ಪಾವತಿ ವೇಳೆಯಲ್ಲಿ ತಿರುಗುವ ಚಕ್ರ

ಇದನ್ನು ಮಾತ್ರ ನಿಲ್ಲಿಸಲು ಪ್ರಯತ್ನಿಸಬಾರದು. ಚಕ್ರವು ಅಲಂಕಾರವಲ್ಲ, ಬ್ಯಾಂಕಿನ ಉತ್ತರಕ್ಕಾಗಿ ಪುಟವು ಕಾಯುತ್ತಿದೆ ಎಂಬುದರ ಗುರುತು. ಚಕ್ರ ತಿರುಗುತ್ತಿರುವಾಗ ಹಿಂದಿನ ಪುಟಕ್ಕೆ ಹೋಗುವುದು, ಪುಟವನ್ನು ಮತ್ತೆ ತೆರೆಯುವುದು ಅಥವಾ ಬ್ರೌಸರ್‌ನ ನಿಲುಗಡೆ ಚಿಹ್ನೆಯನ್ನು ಒತ್ತುವುದರಿಂದ ಖಾತೆಯಿಂದ ಹಣ ಕಡಿತವಾಗಿಯೂ ಅರ್ಜಿಯಲ್ಲಿ ಪಾವತಿ ದಾಖಲಾಗದಿರುವ ಪರಿಸ್ಥಿತಿ ಉಂಟಾಗಬಹುದು. ಚಕ್ರವು ಬಹಳ ಹೊತ್ತು ತಿರುಗಿದಲ್ಲಿಯೂ ಕೂಡಲೇ ಎರಡನೆಯ ಬಾರಿ ಪಾವತಿ ಮಾಡದೆ, ಮೊದಲು ಬ್ಯಾಂಕಿನ ಸಂದೇಶವನ್ನೂ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ಯು.ಪಿ.ಐ. ಮೂಲಕ ಮಾಡಿದ ಪಾವತಿಯಲ್ಲಿ ಹಣ ಕಡಿತವಾಗಿ ಪಡೆಯುವವರಿಗೆ ದೃಢೀಕರಣ ತಲುಪದಿದ್ದಲ್ಲಿ, ವ್ಯವಹಾರದ ದಿನದ ನಂತರದ 5 ದಿನಗಳೊಳಗೆ ಹಣವು ತಾನಾಗಿ ಹಿಂದಿರುಗಬೇಕು. ವಿಳಂಬವಾದಲ್ಲಿ ದಿನವೊಂದಕ್ಕೆ ರೂ. 100ರಂತೆ ಪರಿಹಾರ ಸಲ್ಲತಕ್ಕದ್ದು.

ಕಾಲಸೂಚಕವನ್ನು ಎಷ್ಟು ನಂಬಬಹುದು

ಅರ್ಜಿ ನಮೂನೆಯ ಮೂಲೆಯಲ್ಲಿ ‘ಉಳಿದಿರುವ ಸಮಯ’ ಎಂದು ಇಳಿಯುವ ಅಂಕಿಗಳ ಬಗ್ಗೆ ಅರ್ಜಿದಾರರು ವಿಶೇಷ ಎಚ್ಚರಿಕೆ ವಹಿಸಬೇಕು. ಇದನ್ನು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಅಂಕಿಯನ್ನು ಒಂದರಂತೆ ಇಳಿಸುವ ಆದೇಶದ ಮೂಲಕ ರಚಿಸಲಾಗಿರುತ್ತದೆ. ಅರ್ಜಿದಾರರು ಬೇರೊಂದು ಟ್ಯಾಬ್‌ಗೆ ಹೋದಾಗ, ಮರೆಯಲ್ಲಿರುವ ಪುಟದ ಇಂತಹ ಆದೇಶಗಳನ್ನು ಬ್ಯಾಟರಿ ಉಳಿಸುವ ಸಲುವಾಗಿ ಬ್ರೌಸರ್ ನಿಧಾನಗೊಳಿಸುತ್ತದೆ. 2021ರ ಜನವರಿಯಲ್ಲಿ ಬಂದ ಕ್ರೋಮ್ 88ನೇ ಆವೃತ್ತಿಯಿಂದ, 5 ನಿಮಿಷಕ್ಕೂ ಹೆಚ್ಚು ಕಾಲ ಮರೆಯಲ್ಲಿರುವ ಪುಟದ ಇಂತಹ ಆದೇಶಗಳು ನಿಮಿಷಕ್ಕೊಮ್ಮೆ ಮಾತ್ರ ನಡೆಯುವ ಪರಿಸ್ಥಿತಿ ಇದೆ. ಮೊಬೈಲ್ ದೂರವಾಣಿಯಲ್ಲಿ ಅವು ಪೂರ್ತಿಯಾಗಿ ಸ್ತಬ್ಧವಾಗುವುದೂ ಉಂಟು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಅವಧಿ 15 ನಿಮಿಷ ಎಂದಿಟ್ಟುಕೊಂಡರೆ, ಅರ್ಜಿದಾರರು ಡಿಜಿಲಾಕರ್‌ನಿಂದ ಅಂಕಪಟ್ಟಿ ತೆಗೆಯಲು ಬೇರೆ ಟ್ಯಾಬ್‌ಗೆ ಹೋಗಿ 12 ನಿಮಿಷಗಳ ನಂತರ ಹಿಂದಿರುಗುವರು. ಮೊದಲ 5 ನಿಮಿಷ ಅಂಕಿ ಸರಿಯಾಗಿ ಇಳಿದಿರುತ್ತದೆ. ನಂತರದ 7 ನಿಮಿಷಗಳಲ್ಲಿ ಏಳು ಬಾರಿ ಮಾತ್ರ ಇಳಿದಿರುತ್ತದೆ. ಪರದೆಯು 9 ನಿಮಿಷಕ್ಕೂ ಹೆಚ್ಚು ಸಮಯ ಉಳಿದಿದೆ ಎಂದು ತೋರಿಸಿದರೂ ಸರ್ವರ್‌ನ ಲೆಕ್ಕದಲ್ಲಿ ಉಳಿದಿರುವುದು 3 ನಿಮಿಷ. ಕೊನೆಯ ದಿನಾಂಕದ ಸಂಜೆ ಅರ್ಜಿ ಭರ್ತಿ ಮಾಡುತ್ತಿರುವವರಿಗೆ ಈ ವ್ಯತ್ಯಾಸವು ದುಬಾರಿಯಾಗುವುದು. ಪುಟದ ಗಡಿಯಾರವನ್ನು ನಂಬದೆ, ಅರ್ಜಿ ತೆರೆದ ವೇಳೆಯನ್ನು ಕೈಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು, ಲಗತ್ತಿಸಬೇಕಾದ ದಾಖಲೆಗಳನ್ನು ಮೊದಲೇ ಒಂದೆಡೆ ಇಟ್ಟುಕೊಳ್ಳುವುದು, ‘ಕರಡಾಗಿ ಉಳಿಸಿ’ ಎಂಬ ಗುಂಡಿ ಇದ್ದಲ್ಲಿ ಪ್ರತಿ ಹಂತದಲ್ಲೂ ಅದನ್ನು ಒತ್ತುವುದು ಸುರಕ್ಷಿತ. ಸ್ವೀಕೃತಿ ಸಂಖ್ಯೆ ದೊರೆಯುವವರೆಗೆ ಅರ್ಜಿ ಸಲ್ಲಿಕೆಯಾಯಿತೆಂದು ಭಾವಿಸಬಾರದು. 2011ರ ಸಕಾಲ ಅಧಿನಿಯಮಕ್ಕೆ ಒಳಪಟ್ಟ ಸೇವೆಗಳಲ್ಲಿ ವಿಳಂಬವನ್ನು ಪ್ರಶ್ನಿಸಲು ಈ ಸಂಖ್ಯೆಯೇ ಆಧಾರ.

ನಿಯಮಗಳಲ್ಲಿ ಏನಿದೆ

ಓಡುವ ಬರಹದ ಆದೇಶವಾದ ‘ಮಾರ್ಕ್ವೀ’ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನೊಂದಿಗೂ, ಮಿನುಗಿಸುವ ‘ಬ್ಲಿಂಕ್’ ನೆಟ್‌ಸ್ಕೇಪ್‌ನೊಂದಿಗೂ 1990ರ ದಶಕದಲ್ಲಿ ಬಂದವು. ಬ್ಲಿಂಕ್ ಆದೇಶವನ್ನು ಬ್ರೌಸರ್‌ಗಳು ಕೈಬಿಟ್ಟಿವೆ. ಮಾರ್ಕ್ವೀಯನ್ನು ಬಳಕೆಯಿಂದ ಹೊರಗಾದ ಆದೇಶವೆಂದು ಎಚ್‌.ಟಿ.ಎಂ.ಎಲ್. ಮಾನದಂಡವೇ ಹೇಳಿದರೂ ಹಳೆಯ ಪುಟಗಳ ಸಲುವಾಗಿ ಬ್ರೌಸರ್‌ಗಳು ಅದನ್ನು ಇನ್ನೂ ನಡೆಸುತ್ತಿವೆ.

ಚಲನೆಯನ್ನು ತಡೆಹಿಡಿಯುವ ಅವಕಾಶ ಬಳಕೆದಾರರಿಗೆ ದೊರೆಯುವವರೆಗೆ ಪುಟಗಳಲ್ಲಿ ಚಲನೆಯನ್ನೇ ವರ್ಜಿಸಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 1999ರ ಮೇ ತಿಂಗಳಲ್ಲೇ ಸೂಚಿಸಿತ್ತು. 2008ರ ಡಿಸೆಂಬರ್ 11ರಂದು ಪ್ರಕಟವಾದ ಅದರ ಎರಡನೆಯ ಮಾರ್ಗಸೂಚಿಯ 2.2.2ನೇ ಅಂಶವು ಇನ್ನಷ್ಟು ಸ್ಪಷ್ಟ: ತಾನಾಗಿ ಆರಂಭವಾಗಿ, 5 ಸೆಕೆಂಡಿಗೂ ಹೆಚ್ಚು ಕಾಲ, ಇತರ ವಿಷಯದ ಜೊತೆಗೇ ಚಲಿಸುವ, ಮಿನುಗುವ ಅಥವಾ ಓಡುವ ಯಾವುದನ್ನೇ ಆಗಲಿ ತಡೆಹಿಡಿಯುವ, ನಿಲ್ಲಿಸುವ ಅಥವಾ ಮರೆಮಾಡುವ ಸಾಧನವು ಬಳಕೆದಾರರಿಗೆ ಇರಬೇಕು. ಇದು ಅತ್ಯಂತ ಕನಿಷ್ಠ ಹಂತದ ಅಗತ್ಯ. ಕಾಲಮಿತಿಯ ಬಗ್ಗೆ 2.2.1ನೇ ಅಂಶವಿದೆ. ಅದು ಸೂಚಿಸುವ ಮಾರ್ಗಗಳಲ್ಲೊಂದರ ಪ್ರಕಾರ, ಅವಧಿ ಮುಗಿಯುವ ಮುನ್ನ ಎಚ್ಚರಿಕೆ ನೀಡಿ, ಸರಳ ಕ್ರಮದಿಂದ ಅವಧಿ ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಟ್ಟು, ಹೀಗೆ ಕನಿಷ್ಠ ಹತ್ತು ಬಾರಿ ವಿಸ್ತರಿಸಿಕೊಳ್ಳಲು ಅವಕಾಶ ನೀಡಬೇಕು. ಎಚ್ಚರಿಕೆಯಿಲ್ಲದೆ ಅರ್ಜಿಯನ್ನು ಅಳಿಸಿಹಾಕುವ ಪುಟವು ಈ ಅಂಶವನ್ನು ಪಾಲಿಸಿಲ್ಲವೆಂದೇ ಹೇಳಬೇಕಾಗುತ್ತದೆ.

ಭಾರತದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಬಂದು, 2018ರಲ್ಲಿಯೂ 2023ರಲ್ಲಿಯೂ ಪರಿಷ್ಕೃತವಾಯಿತು. ಮೇಲ್ಕಂಡ ಅಂತರರಾಷ್ಟ್ರೀಯ ಅಂಶಗಳನ್ನೇ ಅದು ಅನುಸರಿಸುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 42ನೇ ಕಲಂ ಮಾಹಿತಿ ಮತ್ತು ಸಂವಹನ ಸಾಧನಗಳು ಎಲ್ಲರಿಗೂ ಬಳಸುವಂತಿರಬೇಕೆಂದು ಹೇಳುತ್ತದೆ. ಈ ಅಧಿನಿಯಮದಡಿ 2017ರಲ್ಲಿ ರಚಿಸಿದ ನಿಯಮಗಳ 15(1)ನೇ ನಿಯಮವು ಮಾನದಂಡಗಳನ್ನು ಕೇವಲ ಶಿಫಾರಸಿನ ರೂಪದಲ್ಲಿ ಇರಿಸಿದೆ ಎಂಬ ಕಾರಣಕ್ಕೆ, ಅದು ಅಧಿನಿಯಮಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೇ ಅನುಚ್ಛೇದದ ಭಾಗವೆಂದು ಅದೇ ನ್ಯಾಯಾಲಯ ಹೇಳಿದೆ. ಆ ಪ್ರಕರಣದ ಮೂಲವೂ ಪರದೆಯ ಮುಂದಿನ ಒಂದು ಸಣ್ಣ ಚಲನೆಯೇ: ಆಮ್ಲ ದಾಳಿಯಿಂದ ಕಣ್ಣಿಗೆ ಹಾನಿಯಾದವರನ್ನು, ಗುರುತು ದೃಢೀಕರಣಕ್ಕಾಗಿ ಕಣ್ಣು ಮಿಟುಕಿಸುವಂತೆ ಕೇಳಲಾಗುತ್ತಿತ್ತು.

ಪುಟ ಸಿದ್ಧಪಡಿಸುವವರ ಗಮನಕ್ಕೆ

ಚಲನೆಯನ್ನು ಆರಂಭಿಸುವುದು ಸುಲಭ, ನಿಲ್ಲಿಸುವಲ್ಲಿ ತಪ್ಪುಗಳಾಗುತ್ತವೆ. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಜಾವಾಸ್ಕ್ರಿಪ್ಟ್‌ನ ‘ಸೆಟ್ ಟೈಮ್‌ಔಟ್’ ಮುಂದಿನ ದಿನಾಂಕ ಹಾಕಿದ ಚೆಕ್ಕಿನಂತೆ, ನಿಗದಿತ ವೇಳೆಗೆ ಒಮ್ಮೆ ಮಾತ್ರ ನಡೆಯುತ್ತದೆ. ‘ಸೆಟ್ ಇಂಟರ್ವಲ್’ ಬ್ಯಾಂಕಿಗೆ ಕೊಟ್ಟ ಸ್ಥಾಯಿ ಸೂಚನೆಯಂತೆ, ನಿಲ್ಲಿಸುವವರೆಗೆ ಮತ್ತೆ ಮತ್ತೆ ನಡೆಯುತ್ತದೆ. ಆದೇಶ ನೀಡಿದಾಗ ಎರಡೂ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತವೆ. ‘ಕ್ಲಿಯರ್ ಟೈಮ್‌ಔಟ್’ ಅಥವಾ ‘ಕ್ಲಿಯರ್ ಇಂಟರ್ವಲ್’ ಮೂಲಕ ನಿಲ್ಲಿಸಲು ಆ ಸಂಖ್ಯೆಯೇ ಬೇಕು. ಚೆಕ್ಕಿನ ಸಂಖ್ಯೆ ಬರೆದಿಟ್ಟುಕೊಳ್ಳದವರು ಅದರ ಪಾವತಿಯನ್ನು ತಡೆಯಲಾರದಂತೆ, ಸಂಖ್ಯೆಯನ್ನು ಉಳಿಸಿಕೊಳ್ಳದ ಪುಟವು ಚಲನೆಯನ್ನು ನಿಲ್ಲಿಸಲಾರದು. ತಪ್ಪು ಸಂಖ್ಯೆ ಕೊಟ್ಟರೆ ಬ್ಯಾಂಕಾದರೂ ಕೇಳೀತು. ಬ್ರೌಸರ್ ಏನೂ ಹೇಳದೆ ಸುಮ್ಮನಿರುತ್ತದೆ, ಚಲನೆ ಮುಂದುವರಿಯುತ್ತದೆ. ಈಗಾಗಲೇ ನಡೆಯುತ್ತಿರುವ ಆದೇಶವನ್ನು ನಿಲ್ಲಿಸದೆ ಮತ್ತೊಮ್ಮೆ ಆರಂಭಿಸಿದರೆ ಎರಡೂ ಒಟ್ಟಿಗೆ ನಡೆದು ಬರಹವು ಇಮ್ಮಡಿ ವೇಗದಲ್ಲಿ ಓಡುವುದು. ಹಳೆಯ ಸಂಖ್ಯೆಯ ಜಾಗದಲ್ಲಿ ಹೊಸದನ್ನು ಬರೆದಿದ್ದಲ್ಲಿ ಮೊದಲನೆಯದನ್ನು ನಿಲ್ಲಿಸುವ ದಾರಿಯೂ ಮುಚ್ಚಿಹೋಗುವುದು. ‘ರಿಕ್ವೆಸ್ಟ್ ಅನಿಮೇಶನ್ ಫ್ರೇಮ್’ ಬಳಸಿದಲ್ಲಿ ಪ್ರತಿ ಬಾರಿಯೂ ಹೊಸ ಸಂಖ್ಯೆ ಬರುವುದರಿಂದ ಇತ್ತೀಚಿನದನ್ನೇ ಉಳಿಸಿಕೊಂಡಿರಬೇಕು.

ಹಳೆಯ ಅನೇಕ ಪುಟಗಳು 2006ರಲ್ಲಿ ಬಂದ ಜೆಕ್ವೆರಿಯನ್ನು ಇನ್ನೂ ಅವಲಂಬಿಸಿವೆ. ಅದರ ‘ಸ್ಟಾಪ್’ ಆದೇಶವನ್ನು ಬರಿದಾಗಿ ಕೊಟ್ಟರೆ ಪ್ರಸ್ತುತ ಚಲನೆ ಮಾತ್ರ ನಿಂತು, ಸರದಿಯಲ್ಲಿರುವ ಮುಂದಿನದು ಆರಂಭವಾಗುತ್ತದೆ. ಗುಂಡಿ ಒತ್ತಿದರೂ ನಿಲ್ಲಲಿಲ್ಲವೆಂದು ಬಳಕೆದಾರರು ಹೇಳುವುದರ ಹಿಂದೆ ಇದೂ ಒಂದು ಕಾರಣ. ಸರದಿಯನ್ನೂ ತೆರವುಗೊಳಿಸುವಂತೆ ಮೊದಲ ಮೌಲ್ಯವನ್ನು ‘ಟ್ರೂ’ ಎಂದು ಕೊಡಬೇಕು. ಸಿ.ಎಸ್‌.ಎಸ್. ಮೂಲಕ ಮಾಡಿದ ಚಲನೆಯಾದಲ್ಲಿ ‘ಅನಿಮೇಶನ್ ಪ್ಲೇ ಸ್ಟೇಟ್’ ಅನ್ನು ‘ಪಾಸ್ಡ್’ ಎಂದು ಬದಲಿಸಿದರೆ ಬರಹ ಇದ್ದಲ್ಲಿಯೇ ನಿಲ್ಲುತ್ತದೆ; ಚಲನೆಯನ್ನೇ ರದ್ದುಗೊಳಿಸಿದರೆ ಮೂಲ ಸ್ಥಾನಕ್ಕೆ ಮರಳುತ್ತದೆ. ಓಡುವ ಸಾಲಿಗೆ ಎರಡನೆಯದೇ ಉತ್ತಮ. ಅರ್ಧ ಹೊರಗೆ ಹೋಗಿ ನಿಂತ ಸಾಲಿನಲ್ಲಿ ದಿನಾಂಕ ಕಾಣದಿದ್ದರೆ ನಿಲ್ಲಿಸಿಯೂ ಫಲವಿಲ್ಲ.

ಕಾಲಸೂಚಕವನ್ನು ಒಂದೊಂದೇ ಸೆಕೆಂಡು ಕಳೆಯುತ್ತ ಹೋಗುವಂತೆ ಬರೆಯದೆ, ಅವಧಿ ಮುಗಿಯುವ ವೇಳೆಯನ್ನು ಸರ್ವರ್‌ನಿಂದ ಪಡೆದು, ಪ್ರತಿ ಬಾರಿ ಗಡಿಯಾರಕ್ಕೆ ಹೋಲಿಸಿ ಲೆಕ್ಕ ಹಾಕುವಂತೆಯೂ, ಪುಟವು ಮತ್ತೆ ಕಣ್ಣಿಗೆ ಬಿದ್ದ ಕೂಡಲೇ ಅಂಕಿಯನ್ನು ಸರಿಪಡಿಸುವಂತೆಯೂ ಬರೆದಲ್ಲಿ ಮೇಲೆ ವಿವರಿಸಿದ ವ್ಯತ್ಯಾಸ ಉಂಟಾಗದು. ಕೊನೆಯ ದಿನಾಂಕವನ್ನಂತೂ ಪುಟದ ಮೇಲ್ಭಾಗದಲ್ಲಿ ನಿಂತ ಅಕ್ಷರಗಳಲ್ಲಿ, ಯೂನಿಕೋಡ್ ಕನ್ನಡದಲ್ಲಿ ಮುದ್ರಿಸುವುದಕ್ಕೆ ಯಾವ ಕೋಡ್ ಸಹ ಅಗತ್ಯವಿಲ್ಲ.

ನಿಲ್ಲಿಸುವ ಅವಕಾಶವೇ ಇಲ್ಲದಿದ್ದಲ್ಲಿ

ಅರ್ಜಿದಾರರು ಸಂಬಂಧಿಸಿದ ಇಲಾಖೆಯ ಜಾಲತಾಣದ ನಿರ್ವಾಹಕರಿಗೆ ಬರೆಯಬಹುದು. ರಾಜ್ಯ ಸರ್ಕಾರದ ಸೇವೆಗಳ ಬಗ್ಗೆ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ವಿಕಲಚೇತನರು ಅಥವಾ ಅವರ ಪೋಷಕರು ಬೆಂಗಳೂರಿನಲ್ಲಿರುವ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು. ದೂರಿನಲ್ಲಿ ಪುಟದ ವಿಳಾಸ, ನೋಡಿದ ದಿನಾಂಕ ಮತ್ತು ವೇಳೆ, ಬಳಸಿದ ಉಪಕರಣ ಮತ್ತು ಬ್ರೌಸರ್, ಪುಟದ ಯಾವ ಭಾಗ ಚಲಿಸುತ್ತಿತ್ತು, ಅದರಿಂದ ಯಾವ ಮಾಹಿತಿ ಓದಲಾಗಲಿಲ್ಲ ಎಂಬ ವಿವರಗಳಿದ್ದರೆ ಪರಿಶೀಲನೆ ಶೀಘ್ರವಾಗುತ್ತದೆ. ಅವಧಿ ಮುಗಿದು ಅರ್ಜಿ ಅಳಿಸಿಹೋಗಿದ್ದಲ್ಲಿ ಪರದೆಯ ಚಿತ್ರವನ್ನೂ, ಪಾವತಿ ಆಗಿದ್ದಲ್ಲಿ ವ್ಯವಹಾರ ಸಂಖ್ಯೆಯನ್ನೂ ಲಗತ್ತಿಸಬೇಕು. ಕೊನೆಯ ದಿನಾಂಕ ಸಮೀಪಿಸಿರುವಾಗ ದೂರಿನ ಉತ್ತರಕ್ಕಾಗಿ ಕಾಯದೆ, ಆಯಾ ಸೇವೆ ಲಭ್ಯವಿರುವ ಕರ್ನಾಟಕ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.